ಮೈಕ್ರೊಸೆಕೆಂಡಿನ ಶಿಸ್ತು: ಹವ್ಯಾಸಿಗಳ ಸಿಎನ್‌ಸಿ ಯಂತ್ರವೂ ಕಂಪ್ಯೂಟರೂ

ಮರದ ಹಲಗೆಯ ಮೇಲೆ ಹೂಬಳ್ಳಿ ಕೆತ್ತುವ, ಅಲ್ಯೂಮಿನಿಯಂ ತಗಡಿನಲ್ಲಿ ರಂಧ್ರ ಕೊರೆಯುವ ಅಥವಾ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ವಸ್ತುಗಳನ್ನು ಕಟ್ಟುವ, ಸಿಎನ್‌ಸಿ ಅಂದರೆ ಕಂಪ್ಯೂಟರ್ ನಿಯಂತ್ರಿತ ಹವ್ಯಾಸಿ ಯಂತ್ರಗಳು ಹೊರನೋಟಕ್ಕೆ ಎಷ್ಟೇ ಬೇರೆಬೇರೆಯಾಗಿ ಕಂಡರೂ, ಅವುಗಳನ್ನು ಕಟ್ಟುವವರು ಎದುರಿಸುವ ಮೂಲ ಸಮಸ್ಯೆ ಒಂದೇ ಆಗಿದೆ. ಎಕ್ಸ್, ವೈ, ಜಡ್ ಎಂದು ಕರೆಯಲಾಗುವ ಅಕ್ಷಗಳ ಮೋಟಾರುಗಳು ಒಂದೇ ಕಾಲಕ್ಕೆ, ಒಂದರ ವೇಗ ಇನ್ನೊಂದಕ್ಕೆ ಹೊಂದುವಂತೆ ತಿರುಗಿದಾಗ ಮಾತ್ರ ಕತ್ತರಿಸುವ ಉಪಕರಣದ ತುದಿ ನೇರ ಗೆರೆಯಲ್ಲಿಯೋ ವೃತ್ತದಲ್ಲಿಯೋ ಸಾಗುತ್ತದೆ. ಈ ಹೊಂದಾಣಿಕೆಯನ್ನು ಮನೆಯ ಕಂಪ್ಯೂಟರಿನಿಂದ ಯಂತ್ರಕ್ಕೆ ತಲುಪಿಸುವ ಸಂಪರ್ಕದ ವಿನ್ಯಾಸವು ಬಹುಮಟ್ಟಿಗೆ ಕಾಲಪಾಲನೆಯ ಪ್ರಶ್ನೆಯೇ ಆಗಿದೆ.

ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಸ್ಟೆಪ್ಪರ್ ಮೋಟಾರು. ಇದು ಒಂದು ವಿದ್ಯುತ್ ಮಿಡಿತಕ್ಕೆ, ಅಂದರೆ ಒಂದು ಪಲ್ಸಿಗೆ, ಒಂದು ನಿಗದಿತ ಹೆಜ್ಜೆಯಷ್ಟೇ ತಿರುಗಿ ನಿಲ್ಲುತ್ತದೆ. ಪ್ರಚಲಿತ ಮಾದರಿಯಲ್ಲಿ ಆ ಹೆಜ್ಜೆ 1.8 ಡಿಗ್ರಿ, ಪೂರ್ತಿ ಒಂದು ಸುತ್ತಿಗೆ 200 ಹೆಜ್ಜೆ. ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಒದಗಿಸುವ ಡ್ರೈವರ್ ಎಂಬ ಸಾಧನ ಕಂಪ್ಯೂಟರಿನಿಂದ ಅಪೇಕ್ಷಿಸುವುದು ಎರಡೇ ಸಂಕೇತಗಳನ್ನು: ಹೆಜ್ಜೆ ಇಡು ಎನ್ನುವುದೊಂದು, ಯಾವ ದಿಕ್ಕಿಗೆ ಎನ್ನುವುದು ಇನ್ನೊಂದು. ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡುವಂತೆ ಹೊಂದಿಸಿ, ಸುತ್ತಿಗೆ 5 ಮಿಲಿಮೀಟರ್ ಮುಂದೊತ್ತುವ ತಿರುಪನ್ನು ಮೋಟಾರಿಗೆ ಜೋಡಿಸಿದರೆ, ಒಂದು ಮಿಲಿಮೀಟರ್ ಚಲನೆಗೆ 320 ಪಲ್ಸುಗಳು ಬೇಕಾಗುತ್ತವೆ. ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಸಾಗಬೇಕೆಂದರೆ ಸೆಕೆಂಡಿಗೆ 16,000 ಪಲ್ಸುಗಳನ್ನು, ಅಂದರೆ 62.5 ಮೈಕ್ರೊಸೆಕೆಂಡಿಗೆ ಒಂದರಂತೆ, ತಪ್ಪದೆ ಕಳಿಸುತ್ತಿರಬೇಕು. ಪಲ್ಸುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿದರೆ ಮೋಟಾರಿಗೆ ಅದು ವೇಗದ ಹಠಾತ್ ಏರಿಳಿತವಾಗಿ ಪರಿಣಮಿಸಿ, ವೇಗ ಹೆಚ್ಚಿದ್ದಾಗ ಅದರ ತಿರುಗುವ ಭಾಗ ಕಾಂತಕ್ಷೇತ್ರದ ಹಿಡಿತದಿಂದ ಜಾರುತ್ತದೆ. ಒಮ್ಮೆ ಜಾರಿದರೆ ಅದು ಮತ್ತೆ ಹಿಡಿತಕ್ಕೆ ಸಿಗುವುದು ನಾಲ್ಕು ಪೂರ್ಣ ಹೆಜ್ಜೆಗಳ ಆಚೆಗೆ. ಮೇಲಿನ ಲೆಕ್ಕದಲ್ಲಿ ಅದು 0.1 ಮಿಲಿಮೀಟರಿನ ತಪ್ಪು. ಮೋಟಾರಿನಿಂದ ಕಂಪ್ಯೂಟರಿಗೆ ಮರುವರದಿ ಹೋಗುವ ಏರ್ಪಾಡು ಇಲ್ಲದಿರುವುದರಿಂದ ಈ ತಪ್ಪು ಯಾರಿಗೂ ತಿಳಿಯದೆ ಕೆಲಸದ ಕೊನೆಯವರೆಗೂ ಉಳಿದುಬಿಡುತ್ತದೆ.

ಹವ್ಯಾಸಿಗಳು ಮೊದಲು ನೆಚ್ಚಿಕೊಂಡದ್ದು ಪ್ರಿಂಟರಿಗಾಗಿ ಇದ್ದ ಪ್ಯಾರಲಲ್ ಪೋರ್ಟನ್ನು. ಇಪ್ಪತ್ತೈದು ಪಿನ್ನುಗಳ ಆ ಸಂಪರ್ಕದಲ್ಲಿ ಹೊರಹೋಗುವ ಗೆರೆಗಳು ಹನ್ನೆರಡು, ಒಳಬರುವವು ಐದು. ಒಂದು ಅಕ್ಷಕ್ಕೆ ಎರಡು ಗೆರೆಗಳಂತೆ 2ರಿಂದ 9ರವರೆಗಿನ ಎಂಟು ದತ್ತಾಂಶ ಪಿನ್ನುಗಳಲ್ಲಿ ನಾಲ್ಕು ಅಕ್ಷಗಳು ಅಡಕವಾಗುತ್ತವೆ. ಪ್ರೋಗ್ರಾಮು ಒಂದು ಬೈಟನ್ನು ಬರೆದೊಡನೆ ಎಂಟೂ ಪಿನ್ನುಗಳ ಸ್ಥಿತಿ ಒಟ್ಟಿಗೇ ಬದಲಾಗುತ್ತದೆ. ಬಹು ಅಕ್ಷದ ಯಂತ್ರಕ್ಕೆ ಇದಕ್ಕಿಂತ ಸರಳವಾದ ಸಂಪರ್ಕ ಮತ್ತೊಂದು ಬಂದಿಲ್ಲವೆಂದೇ ಹೇಳಬೇಕು. ಉಳಿದ ನಾಲ್ಕು ಹೊರಗೆರೆಗಳಲ್ಲಿ ಮೂರು ತಲೆಕೆಳಗಾಗಿ, ಅಂದರೆ ಸೊನ್ನೆ ಬರೆದರೆ ಒಂದಾಗಿ, ವರ್ತಿಸುತ್ತವೆಂಬುದನ್ನು ಮಾತ್ರ ಹೊಸಬರು ಬಹಳಷ್ಟು ಸಲ ತಲೆ ಕೆಡಿಸಿಕೊಂಡ ಮೇಲೆಯೇ ತಿಳಿಯುತ್ತಾರೆ.

ತೊಡಕು ಇದ್ದದ್ದು ಪೋರ್ಟಿನ ಹಿಂದಿರುವ ಕಾರ್ಯಾಚರಣ ವ್ಯವಸ್ಥೆಯಲ್ಲಿ. ಪರದೆ, ಕೀಲಿಮಣೆ, ಡಿಸ್ಕು ಮುಂತಾದ ಹತ್ತಾರು ಕೆಲಸಗಳ ನಡುವೆ ಸಮಯವನ್ನು ಹಂಚುವ ಸಾಮಾನ್ಯ ವ್ಯವಸ್ಥೆಗೆ ನಿಗದಿತ ಮೈಕ್ರೊಸೆಕೆಂಡಿನಲ್ಲಿ ಪಲ್ಸ್ ಕೊಡುವ ಬದ್ಧತೆ ಇರುವುದಿಲ್ಲ. ಅಮೆರಿಕದ ಮಾನಕಗಳ ಸಂಸ್ಥೆಯಾದ ನಿಸ್ಟ್‌ನಲ್ಲಿ ಹುಟ್ಟಿ, ಬಳಿಕ ಮುಕ್ತ ತಂತ್ರಾಂಶವಾಗಿ ಬೆಳೆದು, 2011ರಲ್ಲಿ ಲಿನಕ್ಸ್‌ಸಿಎನ್‌ಸಿ ಎಂಬ ಹೆಸರು ಪಡೆದ ನಿಯಂತ್ರಕವು ಲಿನಕ್ಸಿನ ತಿರುಳಿಗೇ ನೈಜಕಾಲದ ಶಿಸ್ತನ್ನು ಕಲಿಸಿ, ಪಲ್ಸ್ ಹೊರಡಿಸುವ ಕೆಲಸಕ್ಕೆ ಉಳಿದೆಲ್ಲಕ್ಕಿಂತ ಮೊದಲ ಹಕ್ಕು ಕೊಟ್ಟಿತು. ಯಂತ್ರಕ್ಕೆ ಜೋಡಿಸುವ ಮುನ್ನ ಕಂಪ್ಯೂಟರು ಅತಿ ಹೆಚ್ಚೆಂದರೆ ಎಷ್ಟು ತಡಮಾಡುತ್ತದೆಂದು ಅಳೆಯುವ ಪರೀಕ್ಷೆಯೂ ಅದರಲ್ಲೇ ಇದೆ. ವಿದ್ಯುತ್ ಉಳಿತಾಯಕ್ಕಾಗಿ ಪ್ರೊಸೆಸರಿನ ವೇಗವನ್ನು ತನ್ನಿಚ್ಛೆಯಂತೆ ಬದಲಿಸುವ ಲ್ಯಾಪ್‌ಟಾಪುಗಳು ಈ ಪರೀಕ್ಷೆಯಲ್ಲಿ ಹಲವು ಬಾರಿ ಸೋಲುತ್ತವೆ. ಪ್ಯಾರಲಲ್ ಪೋರ್ಟು ಮರೆಯಾಗಿ ಯುಎಸ್‌ಬಿ ಬಂದಾಗ ತೊಡಕು ಇನ್ನೂ ಹೆಚ್ಚಿತು. ಆರಂಭದಿಂದ ಬಂದ ಸಾಧಾರಣ ಯುಎಸ್‌ಬಿ ಸಂವಹನವನ್ನು ಒಂದೊಂದು ಮಿಲಿಸೆಕೆಂಡಿನ ಚೌಕಟ್ಟುಗಳಲ್ಲಿ ಹೊಂದಿಸಲಾಗಿದ್ದು, ಮೇಲಿನ ಉದಾಹರಣೆಯ ಮೋಟಾರಿಗೆ ಅಷ್ಟು ಹೊತ್ತಿನಲ್ಲಿ ಹದಿನಾರು ಪಲ್ಸುಗಳು ಸಂದಿರಬೇಕಾಗುತ್ತದೆ.

ಪರಿಹಾರ ಸಿಕ್ಕಿದ್ದು ಕೆಲಸವನ್ನು ಎರಡಾಗಿ ಒಡೆದದ್ದರಿಂದ. 2009ರಲ್ಲಿ ಹೊರಬಂದ ಗರ್ಬಲ್ ಎಂಬ ಮುಕ್ತ ತಂತ್ರಾಂಶವು 16 ಮೆಗಾಹರ್ಟ್ಸ್ ವೇಗದ, 2 ಕಿಲೋಬೈಟ್ ಸ್ಮರಣೆಯ ಚಿಕ್ಕ ಆರ್ಡುಯಿನೋ ಫಲಕದ ಮೇಲೆ ನಡೆದು, ಇಂದು ಸೆಕೆಂಡಿಗೆ 30,000 ಪಲ್ಸುಗಳವರೆಗೆ ಹೊರಡಿಸಬಲ್ಲದು. ಪಲ್ಸೊಂದಕ್ಕೆ ಪ್ರೊಸೆಸರಿಗೆ ದಕ್ಕುವುದು ಸುಮಾರು 533 ಗಡಿಯಾರ ಮಿಡಿತಗಳಷ್ಟೇ. ಕಂಪ್ಯೂಟರು ಇಂಥ ಬಿಂದುವಿಗೆ ಇಂಥ ವೇಗದಲ್ಲಿ ಹೋಗು ಎಂಬ ಜಿ-ಕೋಡ್ ಸಾಲುಗಳನ್ನು ಬರೆದ ಪಠ್ಯವಾಗಿ ಕಳಿಸಿದರೆ ಸಾಕು. ಅಕ್ಷಗಳಿಗೆ ಪಲ್ಸುಗಳನ್ನು ಹಂಚುವುದು ಫಲಕದ ಹೊಣೆ. ಇದಕ್ಕೆ ಅದು ಬಳಸುವುದು ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ 1965ರಲ್ಲಿ ಪ್ರಕಟಿಸಿದ, ಭಾಗಾಕಾರವನ್ನೇ ಬಳಸದೆ ಬರಿಯ ಕೂಡು-ಕಳೆಗಳಿಂದ ಓರೆಗೆರೆ ಎಳೆಯುವ ವಿಧಾನವನ್ನು. ಮುಂದಿನ ಹದಿನೈದು-ಹದಿನಾರು ಚಲನೆಗಳನ್ನು ಫಲಕ ಮೊದಲೇ ಓದಿಟ್ಟುಕೊಳ್ಳುವುದೂ ಅಗತ್ಯವಾಗಿದೆ, ಏಕೆಂದರೆ ಮುಂದೆ ತಿರುವಿದೆಯೋ ನೇರ ದಾರಿಯಿದೆಯೋ ತಿಳಿಯದಿದ್ದರೆ ಪ್ರತಿ ಸಾಲಿನ ಕೊನೆಯಲ್ಲೂ ನಿಂತು ಹೊರಡಬೇಕಾಗಿ, ಸಣ್ಣ ಸಣ್ಣ ಗೆರೆಗಳಿಂದಾದ ವಕ್ರರೇಖೆ ಕುಲುಕಾಟದಲ್ಲಿ ಮುಗಿಯುತ್ತದೆ.

ಆದರೆ ಹೀಗೆ ಸಾಲುಗಟ್ಟಿಸುವ ವ್ಯವಸ್ಥೆಯಲ್ಲಿ ತುರ್ತು ಆಜ್ಞೆಯೂ ಸರದಿಯಲ್ಲಿ ನಿಂತರೆ ಅನರ್ಥವೇ ಸರಿ. ಆದ್ದರಿಂದ ಗರ್ಬಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆಯೊಂದು ಬಂದರೆ ಅದನ್ನು ಸರದಿಗೆ ಸೇರಿಸದೆ, ಬಂದ ಕ್ಷಣದಲ್ಲೇ ಹೆಕ್ಕಿ, ಯಂತ್ರವನ್ನು ಹೆಜ್ಜೆ ತಪ್ಪದಂತೆ ನಿಧಾನಗೊಳಿಸಿ ನಿಲ್ಲಿಸಲಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬಂದರೆ ಯಂತ್ರದ ಸ್ಥಾನ ತಕ್ಷಣ ವರದಿಯಾಗುತ್ತದೆ. ಪರದೆಯನ್ನು ವಿನ್ಯಾಸಗೊಳಿಸುವವರು ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ದಪ್ಪ ಅಕ್ಷರದಲ್ಲಿ ಮೂರು ದಶಾಂಶ ಸ್ಥಾನಗಳವರೆಗೆ ತೋರಿಸುವ ಆ ಸ್ಥಾನವು ಕಳಿಸಿದ ಪಲ್ಸುಗಳ ಲೆಕ್ಕ, ಅಳೆದು ಕಂಡ ದೂರವಲ್ಲ.

ವಿದ್ಯುತ್ತಿನ ಭಾಗದಲ್ಲಿ ಹವ್ಯಾಸಿಗಳು ಮಾಡುವ ಉಳಿತಾಯ ಬಹುಪಾಲು ಅಪಾಯಕಾರಿ. ಕಂಪ್ಯೂಟರು ಚಾಲೂ ಆಗುವಾಗ ಪ್ಯಾರಲಲ್ ಪೋರ್ಟಿನ ಪಿನ್ನುಗಳು ಯಾವ ಸ್ಥಿತಿಯಲ್ಲಾದರೂ ಇರಬಹುದಾದ್ದರಿಂದ, ಕೊರೆಯುವ ಸ್ಪಿಂಡಲ್ ತಾನಾಗಿಯೇ ತಿರುಗಿಬಿಡುವ ಸಂಭವವಿದೆ. ಇದಕ್ಕೆಂದೇ ಉತ್ತಮ ಸಂಪರ್ಕ ಫಲಕಗಳಲ್ಲಿ, ತಂತ್ರಾಂಶವು ನಿರಂತರವಾಗಿ ಮಿಡಿತ ಕಳಿಸುತ್ತಿರುವವರೆಗೆ ಮಾತ್ರ ಹೊರಗೆರೆಗಳನ್ನು ತೆರೆದಿಡುವ ಚಾರ್ಜ್ ಪಂಪ್ ಎಂಬ ಮಂಡಲವಿರುತ್ತದೆ. ಅಕ್ಷದ ತುದಿಯಲ್ಲಿರುವ ಮಿತಿಸ್ವಿಚ್ಚುಗಳನ್ನು ಒತ್ತದಿರುವಾಗ ಮಂಡಲ ಮುಚ್ಚಿರುವಂತೆಯೇ ಜೋಡಿಸಬೇಕೆನ್ನುವುದೂ ಇದೇ ಬಗೆಯ ಎಚ್ಚರಿಕೆ. ತಂತಿ ತುಂಡಾದರೂ ಅದು ಸ್ವಿಚ್ಚು ಒತ್ತಿದಂತೆಯೇ ಕಂಡು ಯಂತ್ರ ನಿಲ್ಲುತ್ತದೆ.

ಕೆಂಪು ತುರ್ತುಗುಂಡಿಯನ್ನು ಕಂಪ್ಯೂಟರಿನ ಒಳಗೆರೆಗೆ ಜೋಡಿಸಿ ಸುಮ್ಮನಾಗುವುದು ಮಾತ್ರ ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ತಂತ್ರಾಂಶ ಹೆಪ್ಪುಗಟ್ಟಿದಾಗಲೇ ಆ ಗುಂಡಿಯ ಅಗತ್ಯ ಬೀಳುವುದರಿಂದ, ಅದು ಸ್ಪಿಂಡಲ್ ಮತ್ತು ಡ್ರೈವರುಗಳ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು ಮತ್ತು ಕಂಪ್ಯೂಟರಿಗೆ ಆ ಸಂಗತಿಯನ್ನು ತಿಳಿಸುವುದಷ್ಟೇ ಅದರ ಎರಡನೆಯ ಕೆಲಸವಾಗಬೇಕು. ಲಂಬ ಅಕ್ಷಕ್ಕೆ ಬಾಲ್ ಸ್ಕ್ರೂ ಎಂಬ ಘರ್ಷಣೆ ಕಡಿಮೆಯಿರುವ ತಿರುಪನ್ನು ಹಾಕಿದವರು, ವಿದ್ಯುತ್ ಹೋದೊಡನೆ ಸ್ಪಿಂಡಲ್ ತನ್ನ ಭಾರಕ್ಕೇ ಕೆಳಗಿಳಿಯಬಹುದೆಂದು ತಿಳಿದು, ಆ ಮೋಟಾರಿಗೆ ಬ್ರೇಕನ್ನೂ ಅಳವಡಿಸುವುದು ಕ್ಷೇಮ.