52ರಲ್ಲಿ 27 ಹೋದರೆ?

52ರಲ್ಲಿ 27 ಕಳೆದರೆ ಎಷ್ಟು?
35 ಎಂದು ಬರೆಯುವ ಮಕ್ಕಳು ಬಹಳ.
2ರಲ್ಲಿ 7 ಹೋಗುವುದಿಲ್ಲವಲ್ಲ,
ಅದಕ್ಕೇ ಮಗು 7ರಲ್ಲಿ 2 ಕಳೆದಿರುತ್ತದೆ.
ಬೈಯುವ ತಪ್ಪಲ್ಲ ಇದು.
ಮಗುವಿನ ಯೋಚನೆ ಕಾಣುವುದೇ ಇಲ್ಲಿ.
ಒಂದು ಹತ್ತನ್ನು ಬಿಚ್ಚಬಹುದು ಎಂಬುದು ಅದಕ್ಕಿನ್ನೂ ಹೊಳೆದಿಲ್ಲ.

ನಂಜನಗೂಡು ತಾಲ್ಲೂಕಿನ ಬದನವಾಳು
ಖಾದಿಗೆ ಹೆಸರಾದ ಊರು.
ಅಲ್ಲಿನ ನೂಲಿನ ಲಡಿ ಬಿಚ್ಚಿದರೆ
ಎಳೆ ಎಳೆಯಾಗುತ್ತದೆ.
ಆದರೂ ನೂಲು ಅಷ್ಟೇ ಇರುತ್ತದೆ.
ಹತ್ತೂ ಹಾಗೆಯೇ.
ಬಿಚ್ಚಿದರೆ ಹತ್ತು ಬಿಡಿ.
'ಪಕ್ಕದಿಂದ ಸಾಲ ತಗೋ' ಎಂದಷ್ಟೇ ಹೇಳಿದರೆ
ಈ ಬಿಚ್ಚುವಿಕೆ ಮಗುವಿಗೆ ಕಾಣುವುದೇ ಇಲ್ಲ.

ತರಗತಿಯಲ್ಲಿ ಹತ್ತತ್ತು ಕಡ್ಡಿಯ ಐದು ಕಟ್ಟು,
ಜೊತೆಗೆ ಎರಡು ಬಿಡಿ ಕಡ್ಡಿ.
ಒಂದು ಕಟ್ಟು ಬಿಚ್ಚಿದರೆ ಬಿಡಿ 12.
ಏಳು ತೆಗೆದರೆ ಉಳಿದದ್ದು 5.
ನಾಲ್ಕು ಕಟ್ಟಿನಲ್ಲಿ ಎರಡು ಹೋದರೆ ಎರಡು.
ಉತ್ತರ 25.

ಮೊದಲು ಕೈಗೆ ವಸ್ತು,
ಆಮೇಲೆ ಚಿತ್ರ,
ಕೊನೆಗೆ ಅಂಕಿ.
ಸರ್ಕಾರಿ ಶಾಲೆಗಳ 4, 5ನೇ ತರಗತಿಗೆ ಬಂದ
ಗಣಿತ ಕಲಿಕಾ ಆಂದೋಲನದ ಕಿಟ್
ಇದೇ ಕ್ರಮದ್ದು.

ಮನೆಯಲ್ಲಿ ಹುಣಸೆ ಬೀಜ ಸಾಕು,
10 ರೂಪಾಯಿಯ ಚಿಲ್ಲರೆ ಸಾಕು.
ಓದುಬರಹ ಬಾರದ ಅಜ್ಜಿಯೂ ಕೇಳಬಹುದು:
'ಹೆಂಗ್ ಬಂತು, ತೋರ್ಸು ಮಗ?'
ಮಗು ಬೀಜ ಸರಿಸುತ್ತ ಹೇಳುವಾಗ
ಎಲ್ಲಿ ತಡವರಿಸಿತು ಎಂಬುದು
ಅಲ್ಲೇ ಕಾಣುತ್ತದೆ.