ಪಕ್ಕದಲ್ಲಿ ಅಪಾರ್ಟ್‌ಮೆಂಟ್: ಬೀದಿಯವರ ಆಕ್ಷೇಪಗಳನ್ನು ಅಳೆಯಬಹುದೆ?

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಲ್ಲಿ ಓಡಾಡುವಾಗ ಒಂದು ದೃಶ್ಯವನ್ನು ನೀವು ಗಮನಿಸಿರಬಹುದು. ಸಾಲು ಮನೆಗಳ ನಡುವೆ ಒಂದು ಹಳೆಯ ಮನೆ ಮಾಯವಾಗಿರುತ್ತದೆ. ಆ ಜಾಗದ ಸುತ್ತ ತಗಡಿನ ಬೇಲಿ, ಒಳಗೆ ಜೆಸಿಬಿ ಯಂತ್ರ, ಬೇಲಿಯ ಮೇಲೆ ಬರಲಿರುವ ಅಪಾರ್ಟ್‌ಮೆಂಟಿನ ಬಣ್ಣದ ಚಿತ್ರ. ಚಿತ್ರ ನೋಡಿದ ಕೂಡಲೇ ಬೀದಿಯಲ್ಲಿ ಮಾತು ಶುರುವಾಗುತ್ತದೆ. "ಇನ್ನು ನಮ್ಮ ಮನೆಗೆ ಬಿಸಿಲೇ ಇಲ್ಲ", "ಗೋಡೆ ಬಿರುಕು ಬಿಡುತ್ತೆ", "ಬೋರ್‌ವೆಲ್ ಬತ್ತಿಹೋಗುತ್ತೆ", "ಈ ಗಾಜಿನ ಪೆಟ್ಟಿಗೆ ನಮ್ಮ ಬೀದಿಗೆ ಒಪ್ಪುತ್ತಾ?" ಕಟ್ಟುವವರ ಉತ್ತರವೂ ಸಿದ್ಧವಾಗಿರುತ್ತದೆ: "ನಕ್ಷೆ ಮಂಜೂರಾಗಿದೆ, ಎಲ್ಲ ನಿಯಮದ ಪ್ರಕಾರವೇ ಇದೆ." ಮಾತು ಅಲ್ಲಿಗೆ ನಿಲ್ಲುತ್ತದೆ. ಮನಸ್ತಾಪ ಮಾತ್ರ ಉಳಿಯುತ್ತದೆ.

ಈ ಆಕ್ಷೇಪಗಳಲ್ಲಿ ಹೆಚ್ಚಿನವು ಅಭಿರುಚಿಯ ವಿಷಯಗಳಲ್ಲ. ಅವನ್ನು ಪ್ರೌಢಶಾಲೆಯ ಗಣಿತದಿಂದಲೇ ಲೆಕ್ಕ ಹಾಕಬಹುದು. ಲೆಕ್ಕ ಹಾಕಿದಾಗ ಕೆಲವು ಭಯಗಳು ಕರಗುತ್ತವೆ, ಕೆಲವು ನಿಜವೆಂದು ತಿಳಿಯುತ್ತವೆ. ನಿಜವೆಂದು ತಿಳಿದವುಗಳಲ್ಲಿ ಹಲವಕ್ಕೆ ವಿನ್ಯಾಸದಲ್ಲೇ ಪರಿಹಾರವಿದೆ. ಆದರೆ ಲೆಕ್ಕವನ್ನು ಪಾಯ ತೆಗೆಯುವ ಮೊದಲೇ ಮಾಡಬೇಕು.

ಗಾಳಿ-ಬೆಳಕಿಗಾಗಿ ಹುಟ್ಟಿದ ಬಡಾವಣೆಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಒತ್ತೊತ್ತಾಗಿ ವಾಸಿಸುತ್ತಿದ್ದರು. ರೋಗಕ್ಕೆ ಹೆದರಿ ಹೊರಬಂದವರು ನೆಲೆಸಿದ್ದು ಮಲ್ಲೇಶ್ವರ, ಬಸವನಗುಡಿಗಳಂಥ ಹೊಸ ಬಡಾವಣೆಗಳಲ್ಲಿ. ಅಲ್ಲಿ ಅಗಲವಾದ ನೇರ ರಸ್ತೆಗಳಿದ್ದವು, ಮನೆಯ ಸುತ್ತ ತೆರೆದ ಜಾಗವಿತ್ತು, ಹಿಂಬದಿಯಲ್ಲಿ ಕಸ ಸಾಗಿಸಲು ಓಣಿಗಳಿದ್ದವು. ಇವೆಲ್ಲ ಅಂದಕ್ಕೆ ಮಾಡಿದ್ದಲ್ಲ, ಆರೋಗ್ಯಕ್ಕಾಗಿ ಮಾಡಿದ್ದು. ಆದ್ದರಿಂದ ಇಂದಿನ ನಿವಾಸಿ "ಗಾಳಿ-ಬೆಳಕು ಹೋಯಿತು" ಎಂದಾಗ ಆ ಬಡಾವಣೆಯ ಮೂಲ ಉದ್ದೇಶವನ್ನೇ ನೆನಪಿಸುತ್ತಿದ್ದಾರೆ ಎನ್ನಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿವೇಶನ 60 ಅಡಿಗೆ 80 ಅಡಿ, ಅಂದರೆ 4800 ಚದರ ಅಡಿ ಅಥವಾ ಸುಮಾರು 446 ಚದರ ಮೀಟರ್. ಒಟ್ಟು ಮಹಡಿಗಳ ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎಫ್.ಎ.ಆರ್. ಎನ್ನುತ್ತಾರೆ. ಅದು 1.75 ಎಂದಾದರೆ 8400 ಚದರ ಅಡಿ ಕಟ್ಟಬಹುದು. ಕೆಳಗೆ ವಾಹನ ನಿಲುಗಡೆ, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡರಂತೆ ಎಂಟು ಫ್ಲಾಟ್, ಎತ್ತರ ಸುಮಾರು 15 ಮೀಟರ್. ಪಕ್ಕದ ಮನೆ ಉತ್ತರ ದಿಕ್ಕಿನಲ್ಲಿದೆ, ಅದರ ತಾರಸಿಯ ಎತ್ತರ 7 ಮೀಟರ್. ಎರಡು ಕಟ್ಟಡಗಳ ಗೋಡೆಗಳ ನಡುವೆ 3.5 ಮೀಟರ್ ಅಂತರ.

ನೆರಳು ಎಷ್ಟು ಉದ್ದ?

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ಆಸುಪಾಸಿನಲ್ಲಿ ಸೂರ್ಯ ದಕ್ಷಿಣಕ್ಕೆ 23.4 ಡಿಗ್ರಿ ಸರಿದಿರುತ್ತಾನೆ. ಆ ದಿನ ನಡುಹಗಲಿನಲ್ಲಿ ದಿಗಂತದಿಂದ ಅವನ ಎತ್ತರ 90ರಲ್ಲಿ 13 ಮತ್ತು 23.4 ಕಳೆದರೆ ಉಳಿಯುವಷ್ಟು, ಅಂದರೆ 53.6 ಡಿಗ್ರಿ. ಕಟ್ಟಡದ ಎತ್ತರವನ್ನು ಈ ಕೋನದ ಟ್ಯಾನ್ ಬೆಲೆಯಾದ 1.356ರಿಂದ ಭಾಗಿಸಿದರೆ ನೆರಳಿನ ಉದ್ದ ಸಿಗುತ್ತದೆ. 15 ಮೀಟರ್ ಕಟ್ಟಡಕ್ಕೆ ಅದು ಉತ್ತರ ದಿಕ್ಕಿಗೆ 11 ಮೀಟರ್. ಜೂನ್ 21ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೆ ಇರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗ ಅದರ ಉದ್ದ 3 ಮೀಟರ್‌ಗಿಂತ ಕಡಿಮೆ.

ಇದರಿಂದ ಮೊದಲ ಪಾಠ ತಿಳಿಯಿತು. ದಕ್ಷಿಣದ ನೆರೆಯವರಿಗೆ ನಡುಹಗಲಿನ ನೆರಳಿನ ಭಯ ಹೆಚ್ಚೇನೂ ಬೇಡ. ಪೂರ್ವ, ಪಶ್ಚಿಮದವರು ಸಂಜೆ ಅಥವಾ ಬೆಳಗಿನ ಕೆಲವು ಗಂಟೆಗಳ ಬಿಸಿಲು ಕಳೆದುಕೊಳ್ಳುತ್ತಾರೆ. ಚಳಿಗಾಲದ ನಡುಹಗಲಿನ ಬಿಸಿಲು ಕಳೆದುಕೊಳ್ಳುವವರು ಉತ್ತರದವರು.

ಈಗ ಉತ್ತರದ ಮನೆಯ ತಾರಸಿಯಲ್ಲಿ ದಕ್ಷಿಣದ ಅಂಚಿಗೆ ಸೋಲಾರ್ ವಾಟರ್ ಹೀಟರ್ ಇದೆ ಎಂದುಕೊಳ್ಳಿ. ತಾರಸಿ ಮಟ್ಟದಿಂದ ಹೊಸ ಕಟ್ಟಡ 8 ಮೀಟರ್ ಎತ್ತರ. ಡಿಸೆಂಬರ್ ನಡುಹಗಲಿನ ನೆರಳು 5.9 ಮೀಟರ್. ನಡುವಿನ 3.5 ಮೀಟರ್ ಅಂತರ ಕಳೆದರೆ ತಾರಸಿಯ ಒಳಕ್ಕೆ 2.4 ಮೀಟರ್ ನೆರಳು ಚಾಚುತ್ತದೆ. ಬಿಸಿನೀರು ಹೆಚ್ಚು ಬೇಕಾದ ತಿಂಗಳಲ್ಲೇ ಹೀಟರ್ ನೆರಳಿನಲ್ಲಿರುತ್ತದೆ! ವಿದ್ಯುತ್ ಉತ್ಪಾದಿಸುವ ಸೌರ ಫಲಕವಾದರೆ ತೊಂದರೆ ಇನ್ನೂ ಹೆಚ್ಚು. ಅದರ ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ. ಕೊಳವೆಯೊಂದನ್ನು ಒಂದು ಕಡೆ ಅದುಮಿದರೂ ಇಡೀ ಕೊಳವೆಯ ಹರಿವು ತಗ್ಗುವಂತೆ, ಕೆಲವೇ ಕೋಶಗಳಿಗೆ ನೆರಳಾದರೂ ಇಡೀ ಸರಣಿಯ ವಿದ್ಯುತ್ ಕುಸಿಯುತ್ತದೆ.

ಪರಿಹಾರ ಇದೆಯೆ? ಮೇಲಿನ ಮಹಡಿಯನ್ನು ಉತ್ತರದ ಅಂಚಿನಿಂದ 3 ಮೀಟರ್ ಹಿಂದಕ್ಕೆ ಸರಿಸಿ ನೋಡಿ. ಆಗ ಉತ್ತರದ ಅಂಚಿನಲ್ಲಿ ಕಟ್ಟಡದ ಎತ್ತರ 12 ಮೀಟರ್ ಮಾತ್ರ. ಅದೇ ದಿನ ತಾರಸಿಯ ಮೇಲಿನ ನೆರಳು 2.4 ಮೀಟರ್‌ನಿಂದ ಸುಮಾರು 20 ಸೆಂಟಿಮೀಟರ್‌ಗೆ ಇಳಿಯುತ್ತದೆ. ಮೇಲಿನ ಫ್ಲಾಟ್ ಸಣ್ಣದಾಗುತ್ತದೆ, ಆದರೆ ಅದಕ್ಕೊಂದು ತೆರೆದ ತಾರಸಿ ದಕ್ಕುತ್ತದೆ. ಉತ್ತರದ ಮನೆಯ ಕೆಳಗಿನ ಕಿಟಕಿಗಳಿಗೆ ಬರುತ್ತಿದ್ದ ನೇರ ಬಿಸಿಲು ಮಾತ್ರ ಇದರಿಂದ ಉಳಿಯದು. ಅಲ್ಲಿ ಹೊಸ ಗೋಡೆಗೆ ಬಿಳಿ ಬಣ್ಣ ಬಳಿದರೆ ಆಕಾಶದ ಬೆಳಕು ಪ್ರತಿಫಲಿಸಿ ಕೋಣೆಯ ಕತ್ತಲೆ ಸ್ವಲ್ಪ ತಗ್ಗುತ್ತದೆ.

ಪಾಯದ ಪ್ರಶ್ನೆ

ಹಳೆಯ ಮನೆಗಳಲ್ಲಿ ಬಹುಪಾಲಿಗೆ ಕಾಂಕ್ರೀಟ್ ಕಂಬಗಳಿಲ್ಲ, ಗೋಡೆಯೇ ಭಾರ ಹೊರುತ್ತದೆ. ಅದರ ಕಲ್ಲಿನ ಪಾಯ ಹಲವೆಡೆ ಒಂದು ಮೀಟರ್ ಆಳವಷ್ಟೇ ಇರುತ್ತದೆ. ಪಕ್ಕದಲ್ಲಿ ನೆಲಮಾಳಿಗೆಗೆಂದು ನೆಟ್ಟಗೆ ಗುಂಡಿ ತೋಡಿದಾಗ, ಅಂಚಿನ ಮಣ್ಣಿಗೆ ಇದ್ದ ಆಸರೆ ತಪ್ಪುತ್ತದೆ. ಆಗ ಬೆಣೆಯಾಕಾರದ ಮಣ್ಣಿನ ಭಾಗ ಜಾರಲು ನೋಡುತ್ತದೆ. ಸಾಧಾರಣ ಮಣ್ಣಿನಲ್ಲಿ ಈ ಜಾರುವ ಮೇಲ್ಮೈ ಗುಂಡಿಯ ತಳದಿಂದ ಸುಮಾರು 60 ಡಿಗ್ರಿ ಕೋನದಲ್ಲಿ ಮೇಲೇರುತ್ತದೆ. ಗಡಿಯಲ್ಲೇ 4 ಮೀಟರ್ ಆಳ ತೋಡಿದರೆ, ಪಕ್ಕದ ಮನೆಯ ಪಾಯದ ಮಟ್ಟದಲ್ಲಿ ಬೆಣೆ ಗಡಿಯಿಂದ 1.7 ಮೀಟರ್ ದೂರದವರೆಗೆ ಚಾಚುತ್ತದೆ. ಪಾಯ ಗಡಿಯಿಂದ 1.5 ಮೀಟರ್ ದೂರದಲ್ಲಿದ್ದರೆ ಅದರ ಹೊರ ಅಂಚು ಈ ಬೆಣೆಯ ಮೇಲೇ ಕುಳಿತಿದೆ ಎಂದಾಯಿತು. ಮಳೆ ಬಂದು ಮಣ್ಣು ನೆನೆದರೆ ಅಪಾಯ ಇನ್ನೂ ಹೆಚ್ಚು.

ಗುಂಡಿಯನ್ನು ಗಡಿಯಿಂದ ದೂರ ಸರಿಸುವುದು, ಒಮ್ಮೆಲೇ ತೋಡದೆ ತುಂಡು ತುಂಡಾಗಿ ತೋಡಿ ತಡೆಗೋಡೆ ಕಟ್ಟುತ್ತಾ ಹೋಗುವುದು, ಆಸರೆ ಕೊಡುವುದು, ಮಳೆಗಾಲದಲ್ಲಿ ತೋಡದಿರುವುದು ಇದಕ್ಕೆ ಪರಿಹಾರಗಳು. ಕೆಲಸ ಆರಂಭವಾಗುವ ಮುನ್ನ ನೆರೆಮನೆಯ ಗೋಡೆಗಳ ಫೋಟೋಗಳನ್ನು ತಾರೀಖಿನೊಂದಿಗೆ ತೆಗೆದಿಡಬೇಕು. ಇರುವ ಬಿರುಕುಗಳ ಮೇಲೆ ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸುವುದು ಹಳೆಯ ಉಪಾಯ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಬಿರುಕು ಹಳೆಯದೋ ಹೊಸದೋ ಎಂಬ ಜಗಳಕ್ಕೆ ಆಗ ಅವಕಾಶವಿರುವುದಿಲ್ಲ. ಇದು ಮನೆಯವರಿಗೂ ಕಟ್ಟುವವರಿಗೂ ರಕ್ಷಣೆ.

ನೀರಿನ ಲೆಕ್ಕ

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ಯೋಜಕರು ಬಳಸುವ ಅಳತೆ. ಹಿಂದಿದ್ದ ಮನೆಯಲ್ಲಿ ಐವರಿದ್ದರೆ ದಿನಕ್ಕೆ 675 ಲೀಟರ್. ಎಂಟು ಫ್ಲಾಟ್‌ಗಳಲ್ಲಿ 32 ಜನ ಎಂದಾದರೆ 4320 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಹೊಸ ಕಟ್ಟಡದ 195 ಚದರ ಮೀಟರ್ ತಾರಸಿಯ ಮೇಲೆ ಬಿದ್ದುದರಲ್ಲಿ ಶೇ. 80ರಷ್ಟನ್ನು ಹಿಡಿದರೆ ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ಸಿಗುತ್ತದೆ. ಕೇಳಲು ದೊಡ್ಡ ಸಂಖ್ಯೆ. ದಿನಕ್ಕೆ ಹಂಚಿದರೆ ಸುಮಾರು 415 ಲೀಟರ್, ಅಂದರೆ ಬೇಡಿಕೆಯ ಹತ್ತರಲ್ಲಿ ಒಂದು ಪಾಲು ಮಾತ್ರ. "ಮಳೆನೀರು ಕೊಯ್ಲು ಮಾಡುತ್ತೇವೆ" ಎಂಬ ಉತ್ತರ ಸರಿಯಾದದ್ದೇ, ಸಾಲದಷ್ಟೆ. ಉಳಿದ ಒಂಬತ್ತು ಪಾಲು ಎಲ್ಲಿಂದ ಎಂದು ಕೇಳುವುದು ನೆರೆಯವರ ನ್ಯಾಯವಾದ ಪ್ರಶ್ನೆ.

ಹರಿದುಹೋಗುವ ನೀರಿನ ಕಥೆಯೂ ಇದೆ. ಒಂದು ಜೋರು ಮಳೆಗೆ 50 ಮಿಲಿಮೀಟರ್ ಸುರಿಯಿತೆನ್ನಿ. ಹಳೆಯ ಮನೆ, ಕೈತೋಟಗಳಿಂದ ಸುಮಾರು 10,000 ಲೀಟರ್ ಚರಂಡಿಗೆ ಹೋಗುತ್ತಿತ್ತು. ಮಿಕ್ಕದ್ದು ಮಣ್ಣಿಗೆ ಇಂಗುತ್ತಿತ್ತು. ನಿವೇಶನಕ್ಕೆಲ್ಲ ಕಾಂಕ್ರೀಟ್ ಹಾಸಿದರೆ ಅದು 20,000 ಲೀಟರ್ ಆಗುತ್ತದೆ. ಸುತ್ತಲಿನ ಅಂಗಳದಲ್ಲಿ ಮಣ್ಣು ಬಿಟ್ಟರೆ ಅಥವಾ ಇಂಗುಗುಂಡಿ ತೋಡಿದರೆ ಇದನ್ನು ತಗ್ಗಿಸಬಹುದು.

ಕಾನೂನು ಏನನ್ನು ಕಾಯುತ್ತದೆ?

1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಕಟ್ಟಡವೊಂದು 20 ವರ್ಷ ನಿರಂತರವಾಗಿ, ತಕರಾರಿಲ್ಲದೆ, ಹಕ್ಕೆಂಬಂತೆ ಬೆಳಕು ಅಥವಾ ಗಾಳಿಯನ್ನು ಪಡೆದಿದ್ದರೆ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಆದರೆ ತೊಂದರೆ ಗಣನೀಯವೆಂದು ತೋರಿಸಬೇಕು. ತೆರೆದ ಅಂಗಳಕ್ಕೆ ಬರುವ ಗಾಳಿ-ಬೆಳಕಿಗೆ ಹೀಗೆ ಹಕ್ಕು ಹುಟ್ಟುವುದಿಲ್ಲ. ಸಂಡಿಗೆ ಒಣಗಿಸುವ ಅಂಗಳ, ತುಳಸಿ ಕಟ್ಟೆಯ ಬಿಸಿಲುಗಳನ್ನು ಈ ಕಾಯಿದೆ ಕಾಯದು. ಅವನ್ನು ಉಳಿಸಬಲ್ಲದ್ದು ನಕ್ಷೆ ಬರೆಯುವಾಗಲೇ ನಡೆಯುವ ಮಾತುಕತೆ.

ಕಣ್ಣಿಗೆ ಒಗ್ಗದಿದ್ದರೆ?

ಕೊನೆಯ ಆಕ್ಷೇಪಕ್ಕೆ ಮಾತ್ರ ಅಳತೆಪಟ್ಟಿ ಇಲ್ಲ. "ಇದು ನಮ್ಮ ಬೀದಿಗೆ ಒಪ್ಪುವುದಿಲ್ಲ" ಎಂಬ ಮಾತು ಬೆಂಗಳೂರಿಗೆ ಸೀಮಿತವಲ್ಲ, ಹೊಸದೂ ಅಲ್ಲ. ಇದಕ್ಕೆ ಆಸ್ಟ್ರಿಯದ ವಿಯೆನ್ನಾ ನಗರದ ಪ್ರಸಿದ್ಧ ನಿದರ್ಶನವಿದೆ. 1910ರಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಅಲ್ಲಿನ ಅರಮನೆಯ ಎದುರಿನ ಚೌಕದಲ್ಲಿ ಒಂದು ಕಟ್ಟಡ ಕಟ್ಟಿಸುತ್ತಿದ್ದ. ಕೆಳಗೆ ದರ್ಜಿ ಸಂಸ್ಥೆಯ ಅಂಗಡಿ, ಮೇಲೆ ವಾಸದ ಮನೆಗಳು. ಸುತ್ತಲಿನ ಕಟ್ಟಡಗಳ ಕಿಟಕಿಗಳಿಗೆಲ್ಲ ಅಲಂಕಾರದ ಚೌಕಟ್ಟುಗಳಿದ್ದರೆ, ಇದರ ಮೇಲಿನ ಮಹಡಿಗಳಲ್ಲಿ ಬರಿಯ ನುಣುಪು ಗೋಡೆ. ಜನ ಅದನ್ನು ಹುಬ್ಬಿಲ್ಲದ ಮನೆ ಎಂದು ಗೇಲಿ ಮಾಡಿದರು. ನಗರಾಡಳಿತ ಕೆಲಸವನ್ನೇ ತಡೆಯಿತು. ಕೊನೆಗೆ ಕಿಟಕಿಗಳಿಗೆ ಹೂಕುಂಡದ ತೊಟ್ಟಿಗಳನ್ನು ಇಡುವುದೆಂದು ರಾಜಿಯಾಯಿತು. ಇಂದು ಅದೇ ಕಟ್ಟಡ ಸಂರಕ್ಷಿತ ಸ್ಮಾರಕ!

ಇದರಿಂದ ಬೀದಿಯವರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ತಿಳಿಯಬಾರದು. ಬಣ್ಣ, ಅಲಂಕಾರಗಳ ಬಗ್ಗೆ ಕಣ್ಣು ಕಾಲಕ್ರಮೇಣ ಒಗ್ಗಿಕೊಳ್ಳುತ್ತದೆ, ನೆರಳಿಗೆ ತಾರಸಿ ಒಗ್ಗಿಕೊಳ್ಳುವುದಿಲ್ಲ. ಆದ್ದರಿಂದ ಮಾತುಕತೆಯ ಹೊತ್ತನ್ನು ಮೊದಲು ಅಳೆಯಬಹುದಾದವುಗಳಿಗೆ ಕೊಡುವುದು ಜಾಣತನ.

ನೀವು ಏನು ಕೇಳಬಹುದು?

ನಿಮ್ಮ ಪಕ್ಕದಲ್ಲಿ ಕಟ್ಟಡ ಬರಲಿದ್ದರೆ ಕೆಲಸಕ್ಕೆ ಮುಂಚೆ ಐದು ವಿಷಯ ಕೇಳಿ. ಡಿಸೆಂಬರ್ 22ರ ಬೆಳಿಗ್ಗೆ 9, ನಡುಹಗಲು ಮತ್ತು ಮಧ್ಯಾಹ್ನ 3 ಗಂಟೆಯ ನೆರಳಿನ ನಕ್ಷೆ ಇದೆಯೆ? ಗುಂಡಿಯ ಆಳವೆಷ್ಟು, ಗಡಿಯಿಂದ ದೂರವೆಷ್ಟು? ದಿನದ ನೀರು ಎಲ್ಲಿಂದ? ಮಳೆನೀರು ಇಂಗಲು ಮಣ್ಣಿನ ಜಾಗ ಎಷ್ಟು? ನಿಮ್ಮ ಕೋಣೆಗೆ ಎದುರಾಗುವ ಕಿಟಕಿಗಳು ಎಲ್ಲಿವೆ? ಕೊನೆಯದಕ್ಕೆ ಕಿಟಕಿಯನ್ನು ತುಸು ಪಕ್ಕಕ್ಕೆ ಸರಿಸುವುದು ಅಥವಾ ಜಾಲಿ ಹಾಕುವುದು ಸಾಕಾಗಬಹುದು. ಕಾಗದದ ಮೇಲೆ ಇದಕ್ಕೆ ಖರ್ಚೇ ಇಲ್ಲ.

ಇನ್ನೊಂದು ಮಾತು. ಆ ಎಂಟು ಫ್ಲಾಟ್‌ಗಳಿಗೆ ಬರುವವರು ಈ ಚರ್ಚೆಯಲ್ಲಿ ಇರುವುದಿಲ್ಲ. ಅವರಿಗೆ ಊರೊಳಗೆ ಜಾಗ ಸಿಗದಿದ್ದರೆ ನಗರದ ಅಂಚಿನ ಹೊಲ, ಕೆರೆಯಂಗಳಗಳತ್ತ ಬಡಾವಣೆಗಳು ಹರಡುತ್ತವೆ, ದಿನವೂ ಹತ್ತಾರು ಕಿಲೋಮೀಟರ್ ಓಡಾಟ ಬೆಳೆಯುತ್ತದೆ. ಬಸ್ಸು, ಶಾಲೆ, ಒಳಚರಂಡಿ ಈಗಾಗಲೇ ಇರುವ ಬೀದಿಯಲ್ಲಿ ಮನೆಗಳು ಹೆಚ್ಚುವುದು ನಗರಕ್ಕೆ ಒಳ್ಳೆಯದೇ. ಪಕ್ಕದ ಮನೆಯವರ ಬಿಸಿಲನ್ನೂ ಗೋಡೆಯನ್ನೂ ಉಳಿಸಿ ಅವನ್ನು ಕಟ್ಟಲು ಬೇಕಾದ ಗಣಿತ ಕಷ್ಟದ್ದೇನಲ್ಲ.