ಪರದೇಶದ ಗರಡಿಯಲ್ಲಿ ಸೇವೆಯ ಪಾಠ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಿರಿಯರಿಗೆ ಜಾತ್ರೆಯ ಕುಸ್ತಿ ಹೊಸದಲ್ಲ. ಕಣಕ್ಕಿಳಿಯುವ ಪೈಲವಾನನು ಮೊದಲು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ. ದೂರದ ಜಪಾನಿನ ಸುಮೋ ಮಲ್ಲನೂ ಮಣ್ಣಿನ ಕಣವನ್ನು ಪವಿತ್ರವೆಂದೇ ಭಾವಿಸಿ, ಉಪ್ಪನ್ನೆರಚಿ ಶುದ್ಧಗೊಳಿಸಿ ಸೆಣಸಾಟಕ್ಕೆ ನಿಲ್ಲುತ್ತಾನೆ. ನಮ್ಮಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ಹತ್ತಬೇಕು, ಅಲ್ಲಿ 4.55 ಮೀಟರ್ ವ್ಯಾಸದ ವೃತ್ತದಿಂದ ಹೊರಬಿದ್ದರೂ, ಅಂಗಾಲಲ್ಲದೆ ಬೇರಾವ ಅಂಗ ನೆಲ ಸೋಕಿದರೂ ಸೋಲೇ.

ಆ ಕಣಕ್ಕೆ ಪರದೇಶದವರೂ ಬಂದಿದ್ದಾರೆ. ಹವಾಯಿಯ ಜೆಸ್ಸಿ ಕುಹೌಲುವಾ 1964ರಲ್ಲಿ, 19ರ ಹರೆಯದಲ್ಲಿ, ಜಪಾನಿನ ಗರಡಿಯೊಂದನ್ನು ಸೇರಿದನು. ಭಾಷೆ ಬಾರದು, ಚಳಿ ಹೊಸದು, ಊಟ ಹೊಸದು. ಅಲ್ಲಿಯ ಹೊಸ ಶಿಷ್ಯರು ನಸುಕಿನಲ್ಲೆದ್ದು ಬರಿಹೊಟ್ಟೆಯಲ್ಲೇ ಸಾಮು ತೆಗೆಯಬೇಕು. ಬಳಿಕ ಕಸ ಗುಡಿಸಿ, ಅಡುಗೆ ಮಾಡಿ, ಹಿರಿಯರಿಗೆ ಬಡಿಸಿ, ಕಡೆಗೆ ತಾವು ಉಣ್ಣಬೇಕು. ಅವರ ಮೀನು-ಮಾಂಸದ ಊಟ ನಮಗೆ ಸಲ್ಲದು. ಆದರೆ ಉಣಿಸಿ ಉಣ್ಣುವ ಆ ಕ್ರಮವು ನಮಗೆ ದಾಸೋಹವನ್ನು ನೆನಪಿಸದೆ ಇರದು.

ತಕಾಮಿಯಾಮ ಎಂಬ ಹೆಸರು ಪಡೆದ ಆತ 1972ರಲ್ಲಿ ಉನ್ನತ ವರ್ಗದ ಪ್ರಶಸ್ತಿ ಗೆದ್ದ ಮೊದಲ ವಿದೇಶೀಯನಾದನು. ಮುಂದೆ ಜಪಾನಿನ ಪೌರತ್ವ ಪಡೆದು, 1986ರಲ್ಲಿ ತನ್ನದೇ ಗರಡಿ ತೆರೆದನು. ಅವನ ಶಿಷ್ಯ, ಹವಾಯಿಯವನೇ ಆದ ಅಕೆಬೊನೊ, 1993ರಲ್ಲಿ ‘ಯೊಕೊಝುನ’ ಎಂಬ ಅತ್ಯುನ್ನತ ಪದವಿಗೇರಿದ ಮೊದಲ ವಿದೇಶೀಯನು. ಸೇವೆ ಮಾಡಿ ಕಲಿತವನು ಗುರುವಾದನು. ಗುರುವು ತನಗಿಂತ ಮಿಗಿಲಾದ ಶಿಷ್ಯನನ್ನು ಕಂಡನು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. 2007ರಲ್ಲಿ ಜಪಾನಿನ ಇನ್ನೊಂದು ಗರಡಿಯಲ್ಲಿ 17ರ ಶಿಷ್ಯನೊಬ್ಬನು ಹೊಡೆತಗಳಿಂದ ಅಸುನೀಗಿದನು. ಗುರುವೇ ಸೆರೆಮನೆ ಸೇರಬೇಕಾಯಿತು. ದಯೆಯಿಲ್ಲದ ಕಡೆ ಶಿಸ್ತು ಹಿಂಸೆಯಾಗುತ್ತದೆ, ಸೇವೆ ಜೀತವಾಗುತ್ತದೆ. ಶರಣರ ದಾಸೋಹದಲ್ಲಿ ಬಡಿಸುವವನು ಕೀಳಲ್ಲ, ಉಣ್ಣುವವನು ಮೇಲಲ್ಲ.

ಇಂದು ನಮ್ಮ ಎಷ್ಟೋ ಊರುಗಳಲ್ಲಿ ಗರಡಿಮನೆಗಳ ಬಾಗಿಲು ಮುಚ್ಚಿದೆ. ಅವುಗಳನ್ನು ಮತ್ತೆ ತೆರೆಯುವ ಹಂಬಲ ಒಳ್ಳೆಯದು. ಮಗನನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳು ಮಾತ್ರ ಎರಡನ್ನು ವಿಚಾರಿಸಲಿ: ಅಲ್ಲಿ ಕಸಬರಿಗೆ ಹಿಡಿಯಲು ಕಲಿಸುವರೇ? ಕಸಬರಿಗೆ ಹಿಡಿದ ಮಗುವನ್ನು ಅಕ್ಕರೆಯಿಂದ ನೋಡುವರೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ, ಆ ಗರಡಿಯ ಮಣ್ಣು ಹಣೆಗೊತ್ತಿಕೊಳ್ಳಲು ಯೋಗ್ಯವಾದುದು.